ತಂತಿಯದೋ, ದಾರದ್ದೋ? ತಂಗಿಯ ಹಳೇ ಬೇಲರ್

ಹೆಗಲ ಮೇಲಿದ್ದ ಟವೆಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಅದಾಗಿ ತಿಂಗಳು ಕಳೆದರೂ, ಟವೆಲ್ ಹಾಕಿಕೊಂಡವರು ಎದುರು ಬಂದರೆ ಎದೆ ಧಸಕ್ಕೆನ್ನುತ್ತದೆ. (ನಮ್ಮ ಶಹಾಪುರದಲ್ಲಿ ಹೆಗಲಿಗೆ ಟವೆಲ್ ಇಲ್ಲದವರು ಎಷ್ಟು ಜನ ಹೇಳಿ?)

ಮೊದಲಿನಿಂದ ಹೇಳುತ್ತೇನೆ.

ನನ್ನ ತಂಗಿ ಶರಣಮ್ಮ ಇರುವುದು ಸುರಪುರದ ಹತ್ತಿರ, ದೇವಾಪುರದಲ್ಲಿ. ಸ್ವಲ್ಪ ಭತ್ತದ ಗದ್ದೆ, ಎಂಟು ಎಮ್ಮೆ, ಒಂದು ಟ್ರ್ಯಾಕ್ಟರ್. ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದು ಅಪರೂಪ. ಹಾಗಾಗಿ ಟ್ರ್ಯಾಕ್ಟರ್ ಓಡಿಸುವವಳು ಇವಳೇ. ಸೀರೆ ಉಟ್ಟೇ ಓಡಿಸುತ್ತಾಳೆ.

ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಜೋಳ ಹಿಂದೆ ಸರಿದು ಭತ್ತ ಮುಂದೆ ಬಂತು, ನಿಮಗೆ ಗೊತ್ತಿರುವುದೇ. ಆಳುಗಳು ಕೊಯ್ಯುತ್ತಿದ್ದಾಗ ಹುಲ್ಲು ಹೊರೆಯಾಗಿ ಬಣವೆಗೆ ಹೋಗುತ್ತಿತ್ತು. ಈಗ ಕೊಯ್ಯುವ ದೊಡ್ಡ ಮಷೀನ್ ಬರುತ್ತದೆ, ಕಾಳು ತಾನಿಟ್ಟುಕೊಂಡು ಹುಲ್ಲನ್ನು ಗದ್ದೆಯ ತುಂಬ ಉಗುಳಿ ಹೋಗುತ್ತದೆ. ಅದನ್ನು ಬಳಿದು ಕೂಡಿಸಲು ಜನ ಸಿಗುವುದಿಲ್ಲ. ಅಕ್ಕಪಕ್ಕದವರು ಬೆಂಕಿ ಇಡುತ್ತಾರೆ. ಬೇಸಿಗೆ ಬಂದರೆ ಶರಣಮ್ಮನ ಎಮ್ಮೆಗಳು ಖಾಲಿ ಗೋದಲಿಗೆ ಮುಖ ಹಾಕಿ ನಿಲ್ಲುತ್ತವೆ.

"ಅಣ್ಣ, ಒಂದು ಹಳೇ ಬೇಲರ್ ತಗೋಬೇಕಂತ ಮಾಡೇನಿ. ನೀ ಸೈನ್ಸ್ ಮಾಸ್ತರ ಇದ್ದಿ. ಬಂದು ನೋಡು," ಎಂದು ಫೋನ್ ಮಾಡಿದಳು.

ಸೈನ್ಸ್ ಮಾಸ್ತರನೇನೋ ಹೌದು. ಆದರೆ ನಾನು ಪಾಠ ಮಾಡುವುದು ಹೂವಿನ ಭಾಗಗಳ ಬಗ್ಗೆ! ಅವಳಿಗೆ ಅದನ್ನು ಹೇಳುವುದು ಹೇಗೆ? ಒಂದು ವಾರ ಮೊಬೈಲಿನಲ್ಲಿ ಬೇಲರಿನ ವಿಡಿಯೋಗಳನ್ನೇ ನೋಡಿದೆ. ನೋಡಿದಷ್ಟೂ ಭಯ ಹೆಚ್ಚಿತು.

ಬೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಯಂತ್ರ. ನೆಲದ ಹುಲ್ಲನ್ನು ಬಾಚಿ, ಒಳಗೆ ಗುದ್ದಿ ಗುದ್ದಿ ಟ್ರಂಕಿನ ಆಕಾರ ಮಾಡಿ, ಕಟ್ಟಿ ಹಿಂದೆ ತಳ್ಳುತ್ತದೆ. ಉಂಡೆ ಸುತ್ತುವ ಬೇಲರೂ ಉಂಟು. ಆದರೆ ಚೌಕದ ಕಟ್ಟನ್ನು ಒಬ್ಬ ಹೆಂಗಸು ಎತ್ತಬಹುದು, ಇಟ್ಟಿಗೆಯಂತೆ ಜೋಡಿಸಬಹುದು. ಶರಣಮ್ಮನಿಗೆ ಚೌಕದ್ದೇ ಬೇಕು. ಹೊಸದು ಅವಳ ಕೈಗೆ ನಿಲುಕದು. ಉಳಿದದ್ದು, ಎಲ್ಲೆಲ್ಲೋ ದುಡಿದು ಮುದಿಯಾಗಿ ಲಾರಿಯಲ್ಲಿ ನಮ್ಮ ಕಡೆ ಬಂದಿಳಿದ ಹಳೆಯವು.

ಮೊದಲನೆಯದು ಗೋಗಿಯಲ್ಲಿತ್ತು. ಮಾಲೀಕರು ಭೀಮರಾಯ ಎಂಬ ಹಿರಿಯ ರೈತರು. ಅವರ ಯಂತ್ರ ಕಟ್ಟುವುದು ಕಬ್ಬಿಣದ ತಂತಿಯಿಂದ. ಭೀಮರಾಯರು ಒಂದು ಕಟ್ಟಿನ ಮೇಲೆ ಹತ್ತಿ ನಿಂತು ಕುಣಿದು ತೋರಿಸಿದರು. ಅದು ಜಗ್ಗಲಿಲ್ಲ.

"ನೋಡ್ರಿ ಮಾಸ್ತರ, ಕಲ್ಲ ಆಗ್ಯಾದ. ಹತ್ತು ಮಂದಿ ಜಗ್ಗಿದ್ರೂ ಬಿಚ್ಚಂಗಿಲ್ಲ."

ನಾನು ಒಳಗೊಳಗೇ ಖುಷಿಪಟ್ಟೆ. ಒಂದೇ ದಿನದಲ್ಲಿ ಕೆಲಸ ಮುಗಿಯಿತು ಅಂದುಕೊಂಡೆ. ಶರಣಮ್ಮ ಮಾತ್ರ ಬಗ್ಗಿ, ತಂತಿಯ ತುದಿ ಹಿಡಿದು ನೋಡುತ್ತಿದ್ದಳು.

"ಇದನ್ನ ಕಟ್ ಮಾಡುಮುಂದ ತುಣುಕು ಸಿಡಿದು ಹುಲ್ಲಾಗ ಬಿದ್ರ ಹೆಂಗ್ರಿ? ಎಮ್ಮಿ ಆರಿಸಿ ತಿನ್ನಂಗಿಲ್ಲ. ಬಾಚಿ ನುಂಗ್ತದ."

"ಹುಷಾರಿಲೇ ಕಟ್ ಮಾಡಬೇಕವ್ವಾ."

"ದಿನಾ ನಸುಕಿನ್ಯಾಗ ಎಂಟು ಎಮ್ಮಿಗಿ ಮೇವು ಹಾಕಾಕಿ ನಾನು. ಒಂದಿನಾನೂ ಕೈ ತಪ್ಪಂಗಿಲ್ಲಂತ ಹೆಂಗ ಹೇಳ್ಲಿ?"

ಅಲ್ಲಿಂದ ಬರಿಗೈಲಿ ಹೊರಟೆವು. ದಾರಿಯಲ್ಲಿ ಅವಳು ಹೇಳಿದಳು: ಹಿಂದೊಮ್ಮೆ ಅವಳ ಎಮ್ಮೆಯೊಂದು ಮೊಳೆ ನುಂಗಿತ್ತು. ಎಂಟು ದಿನ ಬೆನ್ನು ಬಾಗಿಸಿ ನಿಂತೇ ಇದ್ದು, ಸತ್ತಿತು. ಇದು ನನಗೆ ಗೊತ್ತೇ ಇರಲಿಲ್ಲ. ನಾನೋ, ಕಟ್ಟು ಗಟ್ಟಿ ಇದೆಯೇ ಎಂದಷ್ಟೇ ನೋಡಿದ್ದೆ. ತಿನ್ನುವವರ ಕಡೆಯಿಂದ ನೋಡಿದವಳು ಅವಳು.

ಎರಡನೆಯದು ಸುರಪುರ ರಸ್ತೆಯಲ್ಲಿ, ಮೆಕ್ಯಾನಿಕ್ ಇಸ್ಮಾಯಿಲ್ ಅವರ ಶೆಡ್ಡಿನಲ್ಲಿ. ನನ್ನದೇ ವಯಸ್ಸಿನವರು, ನಗುಮುಖ, ಹೆಗಲಿಗೆ ಹಸಿರು ಟವೆಲ್. ಅವರ ಬೇಲರ್ ದಾರದಿಂದ ಕಟ್ಟುತ್ತದೆ. ಎರಡು ದೊಡ್ಡ ಸೂಜಿಗಳು ದಾರವನ್ನು ಮೇಲಕ್ಕೆ ತರುತ್ತವೆ. ಅಲ್ಲಿ ಹಕ್ಕಿಯ ಕೊಕ್ಕಿನಂಥ ಎರಡು ಕೊಕ್ಕೆಗಳು ಗರ್ರನೆ ತಿರುಗಿ ಗಂಟು ಹಾಕುತ್ತವೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಸೆಣಬಿನ ದಾರ ಹಾಕ್ರಿ ಅಕ್ಕಾ, ಪ್ಲಾಸ್ಟಿಕ್ ಬ್ಯಾಡ. ತುಣುಕು ಹೊಟ್ಟಿಗಿ ಹೋದ್ರೂ ಫಿಕರ್ ಇಲ್ಲ," ಎಂದರು ಇಸ್ಮಾಯಿಲ್. "ಆದ್ರ ಖರೇ ಹೇಳ್ತೀನಿ, ಗಂಟು ಆಗಾಗ ತಪ್ತದ. ಮಷೀನ್‌ಗಿ ವಯಸ್ಸಾಗ್ಯಾದ."

ಶೆಡ್ಡಿನ ಪಕ್ಕದ ಗದ್ದೆಯಲ್ಲೇ ಓಡಿಸಿ ನೋಡೋಣವೆಂದಾಯಿತು. ಶರಣಮ್ಮ ಟ್ರ್ಯಾಕ್ಟರ್ ಹತ್ತಿದಳು. ಬೇಲರಿಗೆ ಶಕ್ತಿ ಕೊಡುವುದು ಟ್ರ್ಯಾಕ್ಟರಿನ ಹಿಂಬದಿಯಿಂದ ಬರುವ ಒಂದು ತಿರುಗುವ ಶಾಫ್ಟ್. ಅದರ ಮೇಲೆ ಪ್ಲಾಸ್ಟಿಕ್ ಕೊಳವೆಯಂಥ ಕವರ್ ಇರಬೇಕೆಂದು ನಾನು ವಿಡಿಯೋದಲ್ಲಿ ನೋಡಿದ್ದೆ. ಇಲ್ಲಿ ಬರಿ ಕಬ್ಬಿಣ ತಿರುಗುತ್ತಿತ್ತು. ಕೇಳಬೇಕು ಅನ್ನಿಸಿತು. ಮೆಕ್ಯಾನಿಕ್‌ಗೆ ನಾನೇನು ಹೇಳುವುದು ಎಂದು ಸುಮ್ಮನಾದೆ. (ಈ ಸಂಕೋಚ ಎಂಥ ಅಪಾಯದ್ದು ಅಂತೀರಿ!)

ನಾಲ್ಕು ಕಟ್ಟು ಚೆನ್ನಾಗಿ ಬಂದವು. ಐದನೆಯದಕ್ಕೆ ಗಂಟು ತಪ್ಪಿ ಹುಲ್ಲು ಹರಡಿತು. "ಗಾಡಿ ನಿಲ್ಸ್ರಿ ಅಕ್ಕಾ, ಇಂಜಿನ್ ಚಾಲೂ ಇರ್ಲಿ, ಒಂದ್ ಮಿನಿಟ್," ಎನ್ನುತ್ತ ಇಸ್ಮಾಯಿಲ್ ಶಾಫ್ಟನ್ನು ದಾಟಿ ಆ ಕಡೆ ಹೋಗಲು ಕಾಲೆತ್ತಿದರು. ಬಗ್ಗಿದಾಗ ಟವೆಲ್ಲಿನ ತುದಿ ಕೆಳಗೆ ಜೋತಿತು.

ಅಷ್ಟೇ.

ಪಟ್ ಎಂದು ಒಂದು ಸದ್ದು. ಹಸಿರು ಟವೆಲ್ ಶಾಫ್ಟಿಗೆ ಸುತ್ತಿಕೊಂಡಿತ್ತು. ಇಸ್ಮಾಯಿಲ್ ಅಂಗಾತ ಬಿದ್ದಿದ್ದರು. ನಾನು ಕೂಗಿದೆನಂತೆ, ನನಗೆ ನೆನಪಿಲ್ಲ. ಶರಣಮ್ಮ ಶಾಫ್ಟ್ ಬಿಡಿಸುವ ಲಿವರ್ ಎಳೆದಿದ್ದಳು. ಶಾಫ್ಟ್‌ನ ಬಲ ತಪ್ಪಿದರೂ ಬೇಲರಿನ ದೊಡ್ಡ ಗಾಲಿ ಮಾತ್ರ ಗುಂಯ್ ಎಂದು ತಿರುಗುತ್ತಲೇ ಇತ್ತು. ಅದು ನಿಂತ ಮೇಲೆ ಇಸ್ಮಾಯಿಲ್ ಎದ್ದು ಕೂತರು.

ಅವರ ಕುತ್ತಿಗೆಯ ಪಕ್ಕ ಕೆಂಪು ಬರೆ. ಅದು ಬಿಟ್ಟರೆ ಏನೂ ಆಗಿರಲಿಲ್ಲ. ಟವೆಲ್ ಸಡಿಲವಾಗಿ ಹೆಗಲ ಮೇಲಿತ್ತು, ಹಾಗಾಗಿ ಜಾರಿ ಹೋಯಿತು. ಕುತ್ತಿಗೆಗೆ ಸುತ್ತಿಕೊಂಡಿದ್ದರೆ?

ಶರಣಮ್ಮ ಕೆಳಗಿಳಿದು ಅವರಿಗೆ ನೀರು ಕೊಟ್ಟಳು. ಆಮೇಲೆ ತನ್ನ ಸೆರಗನ್ನು ನೋಡಿಕೊಂಡಳು. ಇಸ್ಮಾಯಿಲ್ ಕೂಡ ಅದನ್ನೇ ನೋಡುತ್ತಿದ್ದರು.

"ಇದರ ಕವರ್ ಎಲ್ಲೈತಿ ಅಣ್ಣಾ?" ಎಂದಳು.

"ಇತ್ತು ಅಕ್ಕಾ. ಗ್ರೀಸ್ ಹಚ್ಚಾಕ ಅಡ್ಡ ಬರ್ತದಂತ ನಾನೇ ಬಿಚ್ಚಿ ಒಗದೀನಿ." ಅವರು ಕುತ್ತಿಗೆಯ ಬರೆ ಸವರಿಕೊಂಡರು. "ನಿಮಗ ಹಂಗೇ ಕೊಟ್ಟು ಕಳಸ್ತಿದ್ನಲ್ಲ! ಕವರ್ ಹಾಕೂತನಕ ಈ ಮಷೀನ್ ಶೆಡ್ ಬಿಟ್ಟು ಹೋಗಂಗಿಲ್ಲ. ಅಲ್ಲಾನ ಆಣೆ."

ನಾನು ತಂಗಿಯನ್ನು ಪಕ್ಕಕ್ಕೆ ಕರೆದು, ಇದೆಲ್ಲ ಬೇಡ, ಮೇವು ಕೊಂಡರಾಯಿತು ಎಂದೆ.

"ಅಂಜಿದಾಂವ ಹುಷಾರಿಲೇ ಇರ್ತಾನ. ಅಂವಾ ಇವತ್ತು ಅಂಜ್ಯಾನ, ನಾನೂ ಅಂಜೀನಿ. ಇದನ್ನೇ ತಗೋತೀನಿ," ಎಂದಳು.

ಹತ್ತು ದಿನದ ಮೇಲೆ ಬೇಲರ್ ದೇವಾಪುರಕ್ಕೆ ಬಂತು. ಶಾಫ್ಟಿಗೆ ಹೊಸ ಹಳದಿ ಕವರ್. ಇಸ್ಮಾಯಿಲ್ ಟವೆಲ್ ಇಲ್ಲದೆ ಬಂದಿದ್ದರು. ಶರಣಮ್ಮ ಗಂಡನ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಸೇರಿಸಿ ಗುಂಡಿ ಹಾಕಿದ್ದಳು. ನಾನು ಬದುವಿನ ಮೇಲೆ ನಿಂತು ಒಂದೊಂದು ಕಟ್ಟಿಗೂ ಉಸಿರು ಬಿಗಿಹಿಡಿದೆ. ಗಂಟು ತಪ್ಪಿದಾಗಲೆಲ್ಲ ಅವಳು ಇಂಜಿನ್ ಪೂರ್ತಿ ಆರಿಸಿ, ಆ ಗಾಲಿ ನಿಲ್ಲುವವರೆಗೆ ಸೀಟಿನ ಮೇಲೆ ಕೂತೇ ಕಾಯ್ದು, ಆಮೇಲೆ ಇಳಿದು ಕೈಯಿಂದ ಕಟ್ಟಿದಳು. ಸಂಜೆಯೊಳಗೆ ಗದ್ದೆ ಖಾಲಿಯಾಗಿತ್ತು. ಕೊಟ್ಟಿಗೆಯ ಪಕ್ಕ ಕಟ್ಟುಗಳ ಗೋಡೆ ಎದ್ದಿತ್ತು. ಯಾರ ಬೆರಳಿಗೂ ಏನೂ ಆಗಿರಲಿಲ್ಲ.

ನಿರಾಳವಾಗಿ ಮನೆಯಂಗಳದಲ್ಲಿ ಚಹಾ ಹಿಡಿದು ಕೂತೆ. ಅಂಗಿ ಬಿಚ್ಚಿಟ್ಟು ಬಂದ ಶರಣಮ್ಮ ಹೊಸ ಕಟ್ಟೊಂದನ್ನು ಬಿಚ್ಚಿ, ಬಾಗಿಲ ಪಕ್ಕದ ಮೇವು ಕತ್ತರಿಸುವ ಮಷೀನಿನ ಸ್ವಿಚ್ ಒತ್ತಿದಳು. ವರ್ಷಗಳಿಂದ ಅಲ್ಲೇ ಇರುವ ಮಷೀನ್. ಬೆಲ್ಟಿಗೆ ಕವರಿಲ್ಲ, ಹಲ್ಲಿನ ಗಾಲಿಗೆ ಕವರಿಲ್ಲ. ಸೆರಗು ಇಳಿಬಿಟ್ಟು, ನನ್ನ ಕಡೆ ತಿರುಗಿ ನಗುತ್ತ ಮಾತಾಡುತ್ತಲೇ, ಹುಲ್ಲನ್ನು ಬರಿಗೈಯಿಂದ ಒಳಗೆ ತಳ್ಳುತ್ತಿದ್ದಳು.

ಓಡಿಹೋಗಿ ಸ್ವಿಚ್ ಆರಿಸಿದೆ. ಚಹಾ ಅಂಗಳದ ಪಾಲಾಯಿತು.

"ಏನಾತೋ ಅಣ್ಣ?"

"ಇದಕ್ಕ ಕವರ್ ಎಲ್ಲೈತಿ ಶರಣಮ್ಮ?"

ಅವಳು ನಕ್ಕುಬಿಟ್ಟಳು. "ಇದಕ್ಯಾಕ ಅಂಜ್ತಿ? ಇದು ಮನಿ ಮಷೀನ್!"

ಮನೆಯದೆಂಬ ಕಾರಣಕ್ಕೆ ಯಂತ್ರ ನಮ್ಮ ಕೈಯ ಗುರುತು ಹಿಡಿಯುತ್ತದೆಯೇ?