ಖಾಲಿ ಕೈಗೆ ಬಂದ ಕುಂಚ

ಪುಯೆಬ್ಲಾದ ಬೀದಿಗೆ ಇನ್ನೂ ಬೆಳಕು ಬಿದ್ದಿಲ್ಲ. ಎಲಾದಿಯಾ ಶಿಕಾಲೆ ಒಲೆಯ ಮುಂದೆ ನಿಂತು ತೊಗಲಿನ ಅಂಟು ಕರಗಿಸುತ್ತಿದ್ದಾರೆ. ಕುದಿ ಬಂದರೆ ಅಂಟು ಕೆಟ್ಟಂತೆ; ಆಗಾಗ ಬೆರಳು ಅದ್ದಿ ನೋಡುತ್ತಾರೆ. ಅದಕ್ಕೆ ಸೀಮೆಸುಣ್ಣದ ಪುಡಿ ಬೆರೆಸಿ, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಅಗಲ ಕುಂಚದಿಂದ ಬಳಿಯುತ್ತಾರೆ. ಬಿಸಿಲೇರುವ ಮೊದಲು ಮುಗಿಯಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ. ಊರಿನ ಚಿತ್ರಕಾರರೆಲ್ಲ ಬಣ್ಣ ಹಚ್ಚುವುದು, ಎಪ್ಪತ್ತು ದಾಟಿದ ಈ ಹೆಂಗಸು ಬಳಿದ ಬಿಳಿಯ ಮೇಲೆ.

ಎದುರು ಗೋಡೆಯಲ್ಲಿ ಒಂದು ಚಿತ್ರವಿದೆ. ಮದುವೆಯಾದ ಹೊಸದರಲ್ಲಿ ಗಂಡ ಅನ್ಸೆಲ್ಮೋ ತಮ್ಮಿಬ್ಬರನ್ನೂ ಬರೆದದ್ದು. ಮುಖಗಳು ಒಡೆದ ಕನ್ನಡಿಯಂತೆ ತುಂಡುತುಂಡು, ಹೆಂಡತಿಯ ಕೆನ್ನೆ ಹಸಿರು, ಎರಡೂ ಕಣ್ಣು ಮೂಗಿನ ಒಂದೇ ಪಕ್ಕಕ್ಕೆ. ಗಂಡನ ಕೈಯಲ್ಲಿ ಕುಂಚ. ಹೆಂಡತಿಯ ಕೈ ಮಡಿಲಲ್ಲಿ, ಖಾಲಿ.

“ಕಣ್ಣು ಎಲ್ಲಾದ್ರೂ ಇರ್ಲಿ” ಎನ್ನುತ್ತಾರೆ ಎಲಾದಿಯಾ. “ಆದ್ರೆ ಆ ಕೈ ಯಾರ್ದು? ನನ್ನ ಕೈ ಯಾವತ್ತು ಸುಮ್ನೆ ಕೂತಿತ್ತು? ಆ ಕ್ಯಾನ್ವಾಸು ಬಳಿದೋಳೂ ನಾನೇ.”

ಅನ್ಸೆಲ್ಮೋ ತೀರಿಕೊಂಡ ವರ್ಷ, ಸತ್ತವರು ಮನೆಗೆ ಬಂದು ಉಣ್ಣುವ ನವೆಂಬರಿನ ಹಬ್ಬದಂದು, ಅವರ ಪಟದ ಮುಂದೆ ಮೋಲೆ ಸಾರು ಬಡಿಸಿ ಎಲಾದಿಯಾ ಹೇಳಿಯೇಬಿಟ್ಟರು: ನನ್ನ ಕೈಗೂ ಕುಂಚ ಕೊಡ್ತೀನಿ.

“ಏನಂದ?” ಕೇಳಿದವರು ಪಕ್ಕದ ಮನೆಯ ರೊಮಾನಾ, ಎಲಾದಿಯಾರ ಮಗನ ಜ್ಞಾನಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತು ಕೊಮಾದ್ರೆ ಅನ್ನಿಸಿಕೊಂಡವರು.

“ಏನೂ ಅನ್ಲಿಲ್ಲ ಕೊಮಾದ್ರೆ. ಒಪ್ಪಿಗೆ ಇಲ್ದಿದ್ರೆ ಸುಮ್ನಿರೋ ಆಸಾಮಿನಾ ಅದು?”

“ಬಾಯ್ತುಂಬ ಮೋಲೆ ತುರುಕಿ ಕೇಳಿದ್ರೆ ಪಾಪ ಏನ್ ಹೇಳ್ತಾನೆ.”

ಮರುದಿನ ಗಂಡನ ಬಣ್ಣದ ಟ್ಯೂಬುಗಳನ್ನೇ ತೆಗೆದು ಆ ಖಾಲಿ ಕೈಗೆ ಅಂಟಿನ ಕುಂಚ ಬರೆದರು. ತುಂಡಿಲ್ಲ, ಕೋನವಿಲ್ಲ. ಕೂದಲು ಸವೆದ, ಹಿಡಿಗೆ ದಾರ ಸುತ್ತಿದ ಕುಂಚ, ಇದ್ದ ಹಾಗೇ.

ಕಳೆದ ವಾರ ರಾಜಧಾನಿಯ ಗ್ಯಾಲರಿಯೊಂದರಿಂದ ವ್ಯಾನು ಬಂತು. ಅನ್ಸೆಲ್ಮೋ ಅವರ ದೊಡ್ಡ ಪ್ರದರ್ಶನ, ನಟ್ಟನಡುವೆ ಈ ಚಿತ್ರ. ಎಲಾದಿಯಾ ಇಷ್ಟು ವರ್ಷ ಕಾದದ್ದು ಇದಕ್ಕೇ. ಬಂದವರು ಮೆತ್ತಗೆ ಹೇಳಿದರು: “ದೋನ್ಯಾ ಎಲಾದಿಯಾ, ಆ ಕುಂಚ ಅವರು ಬರೆದದ್ದಲ್ಲ. ನಮ್ಮವರು ಕೆರೆದು ತೆಗೀತಾರೆ, ಗೊತ್ತೇ ಆಗಲ್ಲ. ಹಾಗಾದ್ರೆ ಮಾತ್ರ ಗೋಡೆಗೆ ಹಾಕ್ಬಹುದು.”

ವ್ಯಾನು ಖಾಲಿ ಹೋಯಿತು.

ಬೇಸರವಿಲ್ಲವೇ ಎಂದರೆ ಕೈ ನಿಲ್ಲಿಸದೆ ಹೇಳುತ್ತಾರೆ, “ಇಲ್ದೆ ಏನು. ಅಲ್ಲಿ ಹೋಗಿ ನೋಡ್ಬೇಕೂಂತ ಹೊಸ ಶಾಲು ತಂದಿಟ್ಟಿದ್ದೆ.” ಆ ಶಾಲನ್ನು ಇವತ್ತು ಕೆಲಸಕ್ಕೇ ಹೊದ್ದಿದ್ದಾರೆ. ಅಂಚಿಗೆ ಆಗಲೇ ಅಂಟು ಹತ್ತಿದೆ.

“ಅವರಿಗೂ ಹೇಳ್ದೆ: ಕೆರೀರಿ ಸ್ವಾಮಿ. ಕುಂಚ ಹೋಗುತ್ತೆ. ಇನ್ನೂ ಕೆರೀರಿ, ಅನ್ಸೆಲ್ಮೋನೂ ಹೋಗ್ತಾನೆ. ಕೊನೆಗೆ ಬಿಳಿ ಉಳಿಯುತ್ತಲ್ಲ, ಅದು ನಾನು ಬಳಿದಿದ್ದು.”