ಹಳ್ಳ ತುಂಬುವ ಮುಂಚಿನ ಹದಿನೇಳು ದಿನ

ಮೇ 14ರಂದು ನನ್ನನ್ನು ಅಂಬೇವಾಡಿಯ ಆಫೀಸಿನಿಂದ ಎಬ್ಬಿಸಿ ಕುಳಗಿಯ ಆಚೆಯ ಕಾಡಿಗೆ ಕಳಿಸಿದರು. ಅಲ್ಲಿದ್ದ ಸೂಪರ್‌ವೈಜರ್ ಜ್ವರ ಬಂದು ಊರಿಗೆ ಹೋಗಿದ್ದ. ಬಿದಿರಿನ ಗುತ್ತಿಗೆದಾರರ ಹತ್ತಿರ ನಾನು ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ವಯಸ್ಸು ಇಪ್ಪತ್ತಮೂರು. ಆಳುಗಳನ್ನು ನಡೆಸಿ ಗೊತ್ತಿರಲಿಲ್ಲ. ಡೈರಿ ಬರೆಯುವ ರೂಢಿಯಿತ್ತು, ಅಷ್ಟೇ.

ಕಡಿದಿಟ್ಟ ಬಿದಿರನ್ನು ಇಳಿಜಾರಿನಿಂದ ಹೊತ್ತು ತಂದು, ಇಪ್ಪತ್ತು ತುಂಡುಗಳ ಕಟ್ಟು ಕಟ್ಟಿ, ಲಾರಿಗೆ ಏರಿಸುವುದು ಕೆಲಸ. ಲಾರಿ ಒಂದು ಹಳ್ಳ ದಾಟಿ ದಾಂಡೇಲಿಗೆ ಹೋಗಬೇಕು. ಮೊದಲ ದೊಡ್ಡ ಮಳೆಗೆ ಹಳ್ಳ ತುಂಬಿದರೆ ದಾರಿ ಬಂದ್. ಆಚೆ ಉಳಿದ ಬಿದಿರು ಅಲ್ಲೇ ಕೊಳೆಯುತ್ತದೆ. ಆಳುಗಳು ಹನ್ನೆರಡು ಮಂದಿ, ಆರು ಜೋಡಿ. ಎಲ್ಲರೂ ಹಳಿಯಾಳ ಕಡೆಯ ಒಂದೇ ಊರಿನ ಸಿದ್ದಿಗಳು. ತಮ್ಮೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ. ಗ್ಯಾಂಗು ಐವತ್ತರ ಆಸುಪಾಸಿನ ಒಬ್ಬ ಹೆಂಗಸಿನ ಮಾತಿನಂತೆ ನಡೆಯುತ್ತಿತ್ತು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು, ಎರಡನೆಯ ದಿನದಿಂದ ನಾನೂ.

ನನಗಿಂತ ಮುಂಚೆ ಸಂಜೆ ಒಟ್ಟು ಕಟ್ಟುಗಳನ್ನು ಮಾತ್ರ ಎಣಿಸುತ್ತಿದ್ದರು. ಸುಮಾರು 95 ಆಗುತ್ತಿತ್ತು. ಅದು ಸಾಲದೆಂದು ನಾನು ಒಂದೊಂದು ಜೋಡಿಗೆ ಒಂದೊಂದು ಪುಟ ಮಾಡಿದೆ. ಸಂಜೆ ಎಲ್ಲರನ್ನೂ ನಿಲ್ಲಿಸಿ ಪ್ರತಿ ಜೋಡಿಯ ಲೆಕ್ಕ ಓದಿದೆ. ಅದೇ ಲೆಕ್ಕವನ್ನು ಚೀಟಿಯಲ್ಲಿ ಬರೆದು ಲಾರಿ ಡ್ರೈವರನ ಕೈಯಲ್ಲಿ ಮ್ಯಾನೇಜರಿಗೆ ಕಳಿಸಿದೆ. ಮೇ 15ಕ್ಕೆ 97, ಮೇ 16ಕ್ಕೆ 103. ನಾನು 103ರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಎಲ್ಲರಿಗಿಂತ ಕಡಿಮೆ ಬಂದದ್ದು ಒಬ್ಬ ಮುದುಕ ಮತ್ತು ಆತನ ಸೊಸೆಯ ಜೋಡಿಗೆ. ಆತನಿಗೆ ಎಲ್ಲರೂ ಮಾಮಾ ಎನ್ನುತ್ತಿದ್ದರು.

"ಮಾಮಾ, ನಿಂದು ಒಂಬತ್ತಂತ. ಸಾಹೇಬ್ರ ಬುಕ್ಕಿನ್ಯಾಗ ಬಾಲ ನೀನ," ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು, ಮುದುಕನೂ ನಕ್ಕ. ಮರುದಿನ ಬೆಳಕು ಹರಿಯುವ ಮುಂಚೆಯೇ ಆತ ಇಳಿಜಾರಿನಲ್ಲಿದ್ದ.

ಮೇ 17ಕ್ಕೆ 84. ಮೇ 18ಕ್ಕೆ 71. ಕಾರಣ ಬಿಸಿಲು ಎಂದು ಡೈರಿಯಲ್ಲಿ ಬರೆದೆ, ಆಮೇಲೆ ಹೊಡೆದುಹಾಕಿ ಮೈಗಳ್ಳತನ ಎಂದು ಬರೆದೆ. ಅವತ್ತು ಲಾರಿಗೆ ಏರಿಸುವಾಗ ಕಟ್ಟುಗಳು ಒಂದರ ಹಿಂದೆ ಒಂದು ಬಿಚ್ಚಿಕೊಂಡು ಬಿದ್ದವು. ಆರಿಸಿ ಮತ್ತೆ ಕಟ್ಟುವುದರಲ್ಲೇ ಮಧ್ಯಾಹ್ನ ಕಳೆಯಿತು. ಒಬ್ಬನ ಮೊಣಕೈ ತರಚಿತು. ನಾನು ಕೂಗಾಡಿದೆ. ಅಕ್ಕ ನನ್ನನ್ನು ಲಾರಿಯ ಹಿಂದಕ್ಕೆ ಕರೆದಳು.

"ಮಾಮಾ ದಿನಾ ಎಷ್ಟ ಸೀಳ ಮಾಡ್ತಿದ್ದಾ, ಬರದೀರೇನ್ರಿ?"

ಬರೆದಿರಲಿಲ್ಲ. ಕಟ್ಟು ಕಟ್ಟಲು ಹಗ್ಗವಿಲ್ಲ. ಎಳೆ ಬಿದಿರನ್ನು ತೆಳ್ಳಗೆ ಸೀಳಿ ಅದರಿಂದಲೇ ಬಿಗಿಯುತ್ತಾರೆ. ಒಂದು ಕಟ್ಟಿಗೆ ಎರಡು ಸೀಳು.

"ನೂರ ಕಟ್ಟಿಗೆ ಇನ್ನೂರ ಸೀಳ. ಎಲ್ಲಾ ಅವಾ ಒಬ್ಬಾವ ಮಾಡಿ ಇಡ್ತಿದ್ದಾ. ಅವನ ಪಾಲಿನ ಬಿದಿರ ನಾವ ಹೊರ್ತಿದ್ವಿ. ಈಗ ಅವಾ ನಿಮ್ಮ ನಂಬರಿಗೆ ಓಡಾಕ ಹತ್ಯಾನ. ನಾವು ಕೈಗೆ ಬಂದಂಗ ಸುತ್ತಾಕ ಹತ್ತೇವಿ."

ಆಕೆ ಸಿಟ್ಟಿನಿಂದ ಹೇಳಲಿಲ್ಲ. ದಣಿದಿದ್ದಳು. ನಾನೂ ದಣಿದಿದ್ದೆ. ಅವತ್ತಿನ ಚೀಟಿ ಆಗಲೇ ಡ್ರೈವರನ ಜೇಬಿನಲ್ಲಿತ್ತು. ವಾಪಸ್ ಇಸಿದುಕೊಳ್ಳುವುದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಜೀಪಿನಲ್ಲಿ ಬಂದರು. ನಾಲ್ಕೂ ಚೀಟಿ ಅವರ ಕೈಯಲ್ಲಿದ್ದವು. ಮುದುಕನ ಜೋಡಿಯನ್ನು ಇವತ್ತೇ ಕಳಿಸು, ಇಂದೂರು ಹಳ್ಳಿಯಿಂದ ಇಬ್ಬರು ಗಟ್ಟಿ ಆಳು ತರಿಸುತ್ತೇನೆ ಎಂದರು. ಮುದುಕ ಕೇಳಿಸಿಕೊಂಡು, ತಲೆಯ ಮೇಲಿನ ಸಿಂಬೆ ತೆಗೆದು ಕೈಯಲ್ಲಿ ಹಿಡಿದು ನಿಂತ. ಅಕ್ಕ ವಾದ ಮಾಡಲಿಲ್ಲ.

"ಮಾಮಾ ಹೋದ್ರ ನಾವೂ ಹೋಗ್ತೇವ್ರಿ," ಎಂದು ಕುಳಿತಳು. ಉಳಿದವರೂ ಕುಳಿತರು.

ಮ್ಯಾನೇಜರ್ ಚೀಟಿಯನ್ನು ನನ್ನ ಮುಖದ ಹತ್ತಿರ ಹಿಡಿದರು. "ಇದು ನಿನ್ನ ಅಕ್ಷರ ಹೌದಲ್ಲೋ?"

"ಹೌದ್ರಿ. ಅಂಕಿ ಖರೇನ ಅದಾವ. ಅವನ ಕೆಲಸಾನ ನಾ ಎಣಿಸಿಲ್ಲರಿ."

ಸೀಳಿನ ವಿಷಯ ಹೇಳಿದೆ. ತೊದಲಿದೆ. ಅವರು ಪೂರ್ತಿ ನಂಬಲಿಲ್ಲ. ಆದರೆ ಇಂದೂರಿನಲ್ಲಿ ಬಿತ್ತನೆಯ ತಯಾರಿ ನಡೆದಿತ್ತು, ಹನ್ನೆರಡು ಆಳು ಒಮ್ಮೆಗೇ ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಹಳ್ಳದಾಚೆ ಬಿದಿರು ಉಳಿದರೆ ಹೊಣೆ ನನ್ನದು ಎಂದು ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಆ ಗದ್ದಲದಲ್ಲಿ ಅವತ್ತು ಆದದ್ದು 40.

ಸಂಜೆ ಓದುವುದನ್ನು ಬಿಟ್ಟೆ. ಜೋಡಿಗಳ ಪುಟಗಳ ಮೇಲೆ ಅಡ್ಡಗೆರೆ ಎಳೆದೆ. ಯಾರು ಯಾವ ಇಳಿಜಾರಿಗೆ ಎಂಬುದನ್ನು ಬೆಳಿಗ್ಗೆ ಅಕ್ಕನೇ ಹೇಳುತ್ತಿದ್ದಳು. ಮುದುಕ ಮರದ ಬುಡದಲ್ಲಿ ಕುಳಿತು ಸೀಳು ಮಾಡುತ್ತಿದ್ದ. ನಾನು ಅವನ್ನು ಕಟ್ಟುವವರಿಗೆ ಮುಟ್ಟಿಸುತ್ತಿದ್ದೆ, ನೀರು ತರುತ್ತಿದ್ದೆ, ಮೋಡ ನೋಡುತ್ತಿದ್ದೆ. ಕಟ್ಟುಗಳು ಬಿಚ್ಚಿ ಬೀಳುವುದು ನಿಂತಿತು. 103 ಮತ್ತೆ ಬರಲಿಲ್ಲ. ದಿನಕ್ಕೆ 93, 96, 95. ಆ ದಿನಗಳಲ್ಲಿ ನನ್ನ ಡೈರಿಯಲ್ಲಿ ಅಂಕಿ ಬಿಟ್ಟು ಬೇರೇನೂ ಇಲ್ಲ. ಪೆನ್ನು ಹಿಡಿಯಲು ಬೆರಳು ಏಳುತ್ತಿರಲಿಲ್ಲ.

ಮೇ 29ರ ಸಂಜೆ ಮಳೆ ಹಿಡಿಯಿತು. ಮೂವತ್ತರ ಮಧ್ಯಾಹ್ನ ಕೊನೆಯ ಲಾರಿ ದಾಟುವಾಗ ನೀರು ಗಾಲಿಯ ಅರ್ಧಕ್ಕಿತ್ತು. ಬಿದಿರಿನ ಮೇಲೆ ಹನ್ನೆರಡು ಜನರೂ ತಾಡಪತ್ರಿ ಹೊದ್ದು ಕುಳಿತಿದ್ದರು. ಮುದುಕ ಆಗಲೇ ನಿದ್ದೆ ಹೋಗಿದ್ದ. ಆಚೆ ಉಳಿದದ್ದು 86 ಕಟ್ಟು. ದಿನಕ್ಕೆ 95ರ ಲೆಕ್ಕದಲ್ಲಿ ಮೇ 17, 18, 19ರಂದು ಕಡಿಮೆಯಾದದ್ದನ್ನು ಕೂಡಿಸಿ ನೋಡಿದೆ, 90. ನಾನು ಗ್ಯಾಂಗನ್ನು ಚೆನ್ನಾಗಿ ನಡೆಸಿದೆ ಎನ್ನಲಾರೆ. ಮೂರು ದಿನ ಕೆಡಿಸಿದೆ, ಉಳಿದ ದಿನ ಅಡ್ಡ ಬರಲಿಲ್ಲ.

ಎರಡೂ ಅಂಕಿಗಳನ್ನು ಮ್ಯಾನೇಜರಿಗೆ ಕೊಟ್ಟೆ. ಅವರು ಓದಿ, ಇನ್ನು ಕಾಡಿನ ಕೆಲಸ ನಿನಗೆ ಬೇಡ ಎಂದರು. ಮತ್ತೆ ಅಂಬೇವಾಡಿಯ ಕುರ್ಚಿ.

ಅಕ್ಟೋಬರಿನಲ್ಲಿ ಹೊಸ ಹಂಗಾಮಿನ ಪಟ್ಟಿ ನಕಲು ಮಾಡಲು ನನ್ನ ಮೇಜಿಗೆ ಬಂತು. ಸೂಪರ್‌ವೈಜರ್ ಬೇರೆ ಯಾರೋ. ಕೆಳಗೆ ಅದೇ ಹನ್ನೆರಡು ಹೆಸರು, ಮುದುಕನದು ಏಳನೆಯದು. ಕೆಲಸ ಎಂಬ ಕಾಲಮಿನಲ್ಲಿ ಎಲ್ಲರ ಮುಂದೆಯೂ 'ಹೊರುವುದು' ಎಂದಿತ್ತು. ಏಳನೆಯವನ ಮುಂದೆ ನಾನು 'ಸೀಳು ಮಾಡುವುದು' ಎಂದು ಬರೆದು, ಸಹಿಗೆ ಒಳಗೆ ಕಳಿಸಿದೆ. ಸಹಿಯಾಗಿ ಬಂತು. ಮ್ಯಾನೇಜರ್ ಓದಿದರೋ ಇಲ್ಲವೋ ಗೊತ್ತಿಲ್ಲ.