ತಂಗಿಯ ಕೈಗುಣ

ಪರೀಕ್ಷೆಯ ದಿನ ತಂಗಿಯನ್ನು ಹೊತ್ತಿಗೆ ಸರಿಯಾಗಿ ಬಿಳಿಕೆರೆಯ ಬಸ್‌ಸ್ಟಾಪಿಗೆ ಬಿಡುತ್ತೇನೆಂದು ಹೇಳಿದ್ದೆ. ಬಿಡಲಿಲ್ಲ.

ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದು ಅವಳು ಒಂದು ವರ್ಷದಿಂದ ಆ ಭಾಷೆ ಕಲಿಯುತ್ತಿದ್ದಳು. ಮೈಸೂರಿನಲ್ಲಿ ಹತ್ತು ಗಂಟೆಗೆ ಪರೀಕ್ಷೆ. ನಮ್ಮ ಹೊಗೆಸೊಪ್ಪು ಮರುದಿನ ಮಾರುಕಟ್ಟೆಗೆ ಹೋಗಬೇಕಿತ್ತು. ಎಲೆಯ ಬಣ್ಣ ನೋಡಿ, ಬೆರಳಲ್ಲಿ ಮುಟ್ಟಿ ಬೇರೆ ಬೇರೆ ಗುಡ್ಡೆ ಮಾಡುವುದು ಅವಳಷ್ಟು ಚೆನ್ನಾಗಿ ನಮ್ಮ ಮನೆಯಲ್ಲಿ ಯಾರಿಗೂ ಬಾರದು.

"ಇದೊಂದು ಗುಡ್ಡೆ ನೋಡ್ಬುಡಮ್ಮಿ, ಹತ್ತು ನಿಮಿಷ," ಅಂದೆ. ಒಂದು ಗುಡ್ಡೆ ಹೋಗಿ ಮೂರಾಯಿತು. ಅವಳು ಎರಡು ಸಲ ನನ್ನ ಮುಖ ನೋಡಿದಳು. ನಾನು ಎಲೆ ನೋಡುತ್ತಿದ್ದೆ. ಕೊನೆಗೆ ಬೈಕು ಹತ್ತಿಸಿದೆ. ಅವಳು ಮೈಸೂರು ಮುಟ್ಟುವಷ್ಟರಲ್ಲಿ ಗೇಟು ಹಾಕಿದ್ದರಂತೆ. ಸಂಜೆ ಬಂದು, ಬಟ್ಟೆ ಬದಲಿಸಿ, ಉಳಿದ ಸೊಪ್ಪಿನ ಮುಂದೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಮತ್ತೆ ಓದುತ್ತಿದ್ದಾಳೆ. ನಾನು ಓದಿದ್ದು ಏಳನೇ ಕ್ಲಾಸು. ನಾನು ಪದ ಓದಿ ಅವಳನ್ನು ಅರ್ಥ ಕೇಳಲಿಕ್ಕಾಗಲಿ ಎಂದು ನೋಟ್‌ಬುಕ್ಕಿನಲ್ಲಿ ಜಪಾನಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದಾಳೆ. ಹೋದ ವಾರ ಕೇಳಿದ ಪುಟದಲ್ಲಿ ಜನರ ಗುಣ, ಶಕ್ತಿ ಹೇಳುವ ಪದಗಳಿದ್ದವು.

"ಸೈ... ನೋ."

"ಮಂತ್ರ ಓದ್ದಂಗೆ ಓದ್ತೀಯಲ್ಲಣ್ಣ! ಪ್ರತಿಭೆ."

"ಕಿಯೋ?"

"ಕೈ ಚುರುಕಾಗಿರೋರು."

"ಅಂಗಾದ್ರೆ ನೀನೇ ಕಣಮ್ಮಿ. ಉಮರೆತ್ಸುಕಿ?"

"ಹುಟ್ಟಿನಿಂದ್ಲೇ ಬಂದಿರೋದು."

"ಇದೂ ನೀನೇ. ಸೊಪ್ಪು ಮುಟ್ಟುದ್ರೆ ಗೊತ್ತಾಯ್ತದೆ ನಿಂಗೆ."

ಅವಳು ನಗಲಿಲ್ಲ. "ಅದು ನಾನಲ್ಲ ಬುಡಣ್ಣ. ನಾಲ್ಕನೇ ಕ್ಲಾಸಿಂದ ಅಪ್ಪ ಸೊಪ್ಪಿನ ಮುಂದೆ ಕೂರಿಸ್ತು. ನೀನು ಆಟಕ್ಕೆ ಓಗ್ತಿದ್ದೆ. ಕೂತು ಕೂತು ಬಂದಿದ್ದು ಇದು."

ಊರವರ ಮುಂದೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: ನಮ್ಮ ತಂಗಿಗೆ ಹುಟ್ಟಾ ಕೈಗುಣ. ಹಾಗೆ ಅಂದುಬಿಟ್ಟರೆ ಅವಳ ಬೆನ್ನು ನೋವು ನೋಡಬೇಕಾಗಿರಲಿಲ್ಲ. ಇನ್ನೊಂದು ಗುಡ್ಡೆ ಮುಂದಿಡಲು ಮುಜುಗರವೂ ಆಗುತ್ತಿರಲಿಲ್ಲ. ಇಷ್ಟು ವರ್ಷ ಆ ಮಾತನ್ನು ಹೊತ್ತು ತಿರುಗಿ ನನಗೇ ಸಾಕಾಗಿತ್ತು.

ನೋಟ್‌ಬುಕ್ಕು ಮುಚ್ಚಿದೆ.

"ಆವತ್ತು ಬಸ್ಸಿಗೆ ಟೈಮಾಯ್ತು ಅಂತ ನಂಗೆ ಗೊತ್ತಿತ್ತು ಕಣಮ್ಮಿ. ಮರ್ತಿರಲಿಲ್ಲ. ನೀನು ಜಪಾನಿಗೆ ಒಂಟೋದ್ರೆ ಸೊಪ್ಪು ಯಾರು ನೋಡ್ತಾರೆ ಅಂತ ಬೇಕೂಂತ್ಲೇ ಕೂರಿಸ್ಕಂಡೆ. ತಪ್ಪಾಯ್ತು."